ಹಳದಿ ಮೂಲೆಯ ಹಸಿರು ದಾರ

ಕಾನಹೊಸಹಳ್ಳಿಯ ಸರ್ಕಲ್ಲಿನ ಕಂಬಕ್ಕೆ ರಾಜ್ಯೋತ್ಸವದ ದಿನ ಏರುವ ಬಾವುಟವನ್ನು ನಮ್ಮವ್ವ ಹೊಲಿಯುತ್ತಿದ್ದಳು. ಹೊಲಿಯುತ್ತಿದ್ದಳು ಎಂದು ಬರೆಯುವಾಗಲೇ ನನಗೆ ಸಿಟ್ಟು ಬರುತ್ತದೆ. ಅವ್ವ ಇದ್ದಾಳೆ, ಅವಳ ಮಷಿನ್ನು ಇದೆ, ಕಂಬವೂ ಅಲ್ಲೇ ಇದೆ. ನಾನು ದಿನಾ ಬೆಳಿಗ್ಗೆ ಕೂಡ್ಲಿಗಿಯ ಕಚೇರಿಗೆ ಹೋಗಲು ಅದೇ ಕಂಬದ ಬುಡದಲ್ಲಿ ಬಸ್ಸಿಗೆ ಕಾಯುತ್ತೇನೆ. ಕತ್ತು ಮೇಲೆತ್ತಬಾರದು ಎಂದುಕೊಳ್ಳುತ್ತೇನೆ, ಎತ್ತುತ್ತೇನೆ.

ಬಾವುಟದ ಹುಚ್ಚು ಮೊದಲು ಹತ್ತಿದ್ದು ಅಪ್ಪನಿಗೆ. ಅಪ್ಪ ಸರ್ಕಾರಿ ಬಸ್ಸಿನ ಕಂಡಕ್ಟರ್. ಬಾಗಿಲಿಗೆ ಜೋತುಬಿದ್ದು ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂದು ಒಂದೇ ಉಸಿರಿಗೆ ಕೂಗುತ್ತಿದ್ದ. ಆ ಊರುಗಳ ಬಗ್ಗೆ ಅವನದೊಂದು ತಮಾಷೆ ಇತ್ತು. ನಮ್ಮಜ್ಜ ಹುಟ್ಟಿದಾಗ ಈ ಸೀಮೆ ಮದ್ರಾಸಿನವರ ಕೈಯಲ್ಲಿತ್ತು, ಆಮೇಲೆ ಮೈಸೂರಿಗೆ ಸೇರಿತು. ಹರಪನಹಳ್ಳಿಯಂತೂ ಬಳ್ಳಾರಿಯ ಮನೆ ಬಿಟ್ಟು ದಾವಣಗೆರೆಗೆ ಹೋಗಿ ಸಂಸಾರ ಹೂಡಿತು. ‘ನಮ್ಮೂರ್ಗೋಳು ಕೂತಲ್ಲೇ ಕೂತು ಎಲ್ಲೆಲ್ಲೋ ತಿರುಗ್ಯಾವ ನೋಡು, ಟಿಕೆಟ್ ಮಾತ್ರ ತಗೊಂಡಿಲ್ಲ’ ಎನ್ನುತ್ತಿದ್ದ. ಹರಪನಹಳ್ಳಿ ತವರಿಗೆ ವಾಪಸಾಗಿದ್ದನ್ನೂ, ನಾವೆಲ್ಲ ಸೇರಿ ವಿಜಯನಗರ ಜಿಲ್ಲೆಯವರಾದದ್ದನ್ನೂ ನೋಡಲು ಅವನು ಉಳಿಯಲಿಲ್ಲ. ಉಳಿದಿದ್ದರೆ ಆ ತಮಾಷೆ ಇನ್ನಷ್ಟು ಉದ್ದವಾಗುತ್ತಿತ್ತು.

ಬೋರ್ಡುಗಳು ಏನೇ ಬದಲಾದರೂ ಬಾವುಟ ಒಂದೇ ಎಂಬುದು ಅಪ್ಪನ ಹೆಮ್ಮೆ. ಅದರ ಕಥೆಯನ್ನು ಅವನು ಊಟಕ್ಕೆ ಕೂತಾಗ ಹೇಳುವನು. ಕನ್ನಡಕ್ಕಾಗಿ ಬೀದಿಗಿಳಿದವರೊಬ್ಬರು, ಅಪ್ಪ ಚಿಕ್ಕವನಿದ್ದಾಗ, ತಮ್ಮ ಪಕ್ಷಕ್ಕೊಂದು ಗುರುತು ಬೇಕೆಂದು ಮಾಡಿಕೊಂಡ ಬಾವುಟವದು. ಯಾವ ಸರ್ಕಾರವೂ ಮಾಡಿದ್ದಲ್ಲ, ಯಾವ ಕಾನೂನಿನಲ್ಲೂ ಬರೆದಿಲ್ಲ. ಮೇಲೆ ಅರಿಶಿನ, ಕೆಳಗೆ ಕುಂಕುಮ, ಮುಗಿಯಿತು. ಪಕ್ಷ ಎಲ್ಲಿ ಹೋಯಿತೋ, ಬಾವುಟ ಮಾತ್ರ ಆಟೋದ ಮೇಲೆ, ಹೋಟೆಲಿನ ಗಲ್ಲಾದ ಮೇಲೆ, ಲಾರಿಯ ಮೂತಿಯ ಮೇಲೆ ಕೂತುಬಿಟ್ಟಿತು. ಕೇಳಿದವರಿಗೆ ಹಳದಿಯೆಂದರೆ ಶಾಂತಿ, ಕೆಂಪೆಂದರೆ ಕ್ರಾಂತಿ ಎಂದು ಅಪ್ಪ ಅರ್ಥ ಬಿಡಿಸುತ್ತಿದ್ದ. ಒಳಗಿನಿಂದ ಅವ್ವ, ‘ಶಾಂತೀನೂ ಇಲ್ಲ, ಕ್ರಾಂತೀನೂ ಇಲ್ಲ. ಅರಿಶಿಣ ಕುಂಕುಮ ಅಂದ್ರ ಮನಿ ನೆಟ್ಟಗೈತಿ ಅಂತ ಅರ್ಥ’ ಎನ್ನುವಳು.

ಅವ್ವನ ಬಾವುಟಕ್ಕೆ ಕೊಟ್ಟೂರಿನಿಂದ ಬಟ್ಟೆ ಬರುತ್ತಿತ್ತು. ಎರಡೂ ಪಟ್ಟಿ ಸಮನಾಗಿ ಹರಿದು, ಅಂಚು ಮಡಚಿ, ಎರಡು ಸಲ ಹೊಲಿಗೆ ಓಡಿಸುವಳು. ಹೈವೇ ಊರು ನಮ್ಮದು, ಆಷಾಢದ ಗಾಳಿ ಒಂದು ಕಡೆ, ಲಾರಿಗಳ ಗಾಳಿ ಇನ್ನೊಂದು ಕಡೆ. ಕಂಬದ ಮೇಲಿನದು ವರ್ಷವಿಡೀ ಅಲ್ಲೇ ಇರುತ್ತದೆ, ಮುಂದಿನ ನವೆಂಬರಿಗೇ ಹೊಸದು. ಒಂದು ವರ್ಷ ಯಾರೋ ಕಟ್ಟಿದ್ದು ತಲೆಕೆಳಗಾಗಿ, ಕೆಂಪು ಮೇಲೆ ಹೋಯಿತು. ನಡುವೆ ಚಿತ್ರವಾಗಲಿ ಅಕ್ಷರವಾಗಲಿ ಇಲ್ಲದ ಬಾವುಟ, ತಿರುಗಿ ಹಾರಿದರೂ ಬಾವುಟದಂತೆಯೇ ಕಾಣುತ್ತದೆ. ಊರಿಗೆ ಊರೇ ಅದರ ಕೆಳಗೆ ನಿಂತು ಕೈಮುಗಿದು ಮನೆಗೆ ಹೋಯಿತು. ಅಪ್ಪ ಹಡಗಲಿಯಿಂದ ಬರುವ ಬಸ್ಸನ್ನು ಸರ್ಕಲ್ಲಿನಲ್ಲಿ ನಿಲ್ಲಿಸಿ, ಸೀಟಿ ಊದುತ್ತ ಇಳಿದು, ಪ್ರಯಾಣಿಕರು ಬೈಯುತ್ತಿದ್ದರೂ ಬಾವುಟ ಇಳಿಸಿ ಸರಿಮಾಡಿ ಕಟ್ಟಿದ. ಅಂದಿನಿಂದ ಕಟ್ಟುವ ಕೆಲಸ ಅವನದೇ ಆಯಿತು. ಅವ್ವನೂ ಒಂದು ಉಪಾಯ ಮಾಡಿದಳು. ಹಗ್ಗ ಕಟ್ಟುವ ಕಡೆ, ಹಳದಿಯ ಮೂಲೆಗೆ, ಬೆರಳುದ್ದದ ಹಸಿರು ದಾರ ಬಿಡುವಳು. ಹಸಿರು ದಾರದ ಮೂಲೆ ಮೇಲೆ. ಹೆಂಡತಿ ದಾರ ಬಿಡುವುದು, ಗಂಡ ಅದನ್ನು ನೋಡಿ ಕಟ್ಟುವುದು. ಅವರಿಬ್ಬರ ನಡುವಿನ ಈ ಗುಟ್ಟು ಮೂರನೆಯವರಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ನಮ್ಮೂರಲ್ಲಿ ಇನ್ನೊಂದು ಪದ್ಧತಿ. ಬಾವುಟ ಏರಿಸುವ ಮುಂಚೆ ಐದು ಜನ ಮುತ್ತೈದೆಯರು ಕಂಬಕ್ಕೂ ಬಾವುಟದ ಅಂಚಿಗೂ ಅರಿಶಿನ ಕುಂಕುಮ ಹಚ್ಚಬೇಕು. ಹೊಲಿದವಳು ಎಂದು ಮೊದಲ ಕುಂಕುಮ ಅವ್ವನದು. ಆಮೇಲೆ ಮೇಲಿನ ಓಣಿಯ ದೊಡ್ಡವ್ವ, ಅವಳ ಹಿಂದೆ ಉಳಿದವರು. ದೊಡ್ಡವ್ವ ಎಂದರೆ ಊರಿನ ಶಾಸ್ತ್ರಗಳ ಯಜಮಾನಿ. ಅವಳು ‘ಹೂಂ’ ಎಂದರೆ ಮದುವೆ, ‘ಊಹೂಂ’ ಎಂದರೆ ಮೈಲಿಗೆ.

ಅಪ್ಪನ ಕೊನೆಯ ಬೇಸಿಗೆಯಲ್ಲಿ ಟಿವಿಯವರು ಹೊಸ ಬಾವುಟ ತೋರಿಸಿದರು. ಸರ್ಕಾರವೇ ಒಂದು ಸಮಿತಿ ಮಾಡಿ, ನಾಡಿಗೊಂದು ಅಧಿಕೃತ ಧ್ವಜ ಬೇಕೆಂದು ರೂಪ ಕೊಟ್ಟಿತ್ತು. ಮೇಲೆ ಹಳದಿ, ಕೆಳಗೆ ಕೆಂಪು, ನಡುವೆ ಬಿಳಿ, ಬಿಳಿಯ ಮಧ್ಯದಲ್ಲಿ ಗಂಡಭೇರುಂಡವಿರುವ ರಾಜ್ಯದ ಲಾಂಛನ. ಡೆಲ್ಲಿ ಒಪ್ಪಿದರೆ ಜಾರಿ. ಅಪ್ಪ ತುತ್ತು ಕೈಯಲ್ಲೇ ಹಿಡಿದು ನೋಡಿದ. ‘ಇಷ್ಟು ವರ್ಷಕ್ಕ ನಮ್ಮ ಬಾವುಟಕ್ಕ ರೇಷನ್ ಕಾರ್ಡ್ ಸಿಗಾಕ ಹತ್ತೈತಿ’ ಎಂದ. ಮಾರನೆಯ ವಾರ ಯುವಕ ಸಂಘದ ಅಧ್ಯಕ್ಷ ಮನೆಗೆ ಬಂದ. ಸರ್ಕಲ್ಲಿನಲ್ಲಿ ಮಿರ್ಚಿ ಮಂಡಕ್ಕಿ ಹೋಟೆಲ್ಲಿನವನು, ಅವ್ವನನ್ನು ಚಿಗವ್ವ ಎನ್ನುವವನು. ಮೊಬೈಲಿನಲ್ಲಿ ಚಿತ್ರ ತೋರಿಸಿ, ‘ಚಿಗವ್ವಾ, ಈ ಸಲ ಹೊಸದೇ ಹೊಲಿ. ಇಡೀ ತಾಲೂಕಿನ್ಯಾಗ ನಾವೇ ಫಸ್ಟ್ ಏರಿಸೋಣು’ ಎಂದ.

ಅವ್ವ ಲಾಂಛನದ ಆನೆ ಸಿಂಹ ತನ್ನ ಕೈಲಾಗದು, ಹಕ್ಕಿ ಒಂದನ್ನೇ ಹೊಲಿಯುತ್ತೇನೆ ಎಂದಳು. ಹಳೇ ದಿಂಬಿನ ಚೀಲದ ಮೇಲೆ ಸರಪಳಿ ಹೊಲಿಗೆಯಲ್ಲಿ ಅಭ್ಯಾಸ ಮಾಡಿದಳು. ಅಪ್ಪ ಬಗ್ಗಿ ನೋಡಿ, ‘ಗಂಡಭೇರುಂಡ ಅಲ್ಲಲೇ ಇದು, ಎರಡು ತಲಿ ಕೋಳಿ. ಡೆಲ್ಲಿಯವರು ಸಾರು ಮಾಡಂತಾರ’ ಎಂದು ನಕ್ಕ. ಅವ್ವ ಕತ್ತರಿ ತೋರಿಸಿದಳು.

ಶ್ರಾವಣದಲ್ಲಿ ಅಪ್ಪ ತೀರಿಕೊಂಡ. ಡ್ಯೂಟಿ ಮುಗಿಸಿ ಬಂದು, ನೀರು ಕೇಳಿ, ನೀರು ತರುವಷ್ಟರಲ್ಲಿ ಹೋಗಿದ್ದ. ಅದನ್ನು ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ದೀಪಾವಳಿ ಹತ್ತಿರ ಬಂದಾಗ ಅವ್ವ ತಾನಾಗಿಯೇ ಮಷಿನ್ನಿನ ಮೇಲಿನ ಬಟ್ಟೆ ತೆಗೆದಳು. ಹಳದಿ, ಕೆಂಪು ಇದ್ದವು, ಬಿಳಿ ಇರಲಿಲ್ಲ. ಟ್ರಂಕಿನಿಂದ ಅಪ್ಪನ ಹೊಸ ಪಂಚೆ ತೆಗೆದಳು, ಅಂಗಡಿಯ ಮಡಿಕೆ ಕೂಡ ಬಿಚ್ಚಿರಲಿಲ್ಲ. ‘ಅವ್ವಾ, ಅದು ಬ್ಯಾಡ’ ಎಂದೆ. ‘ಉಟ್ಕೊಳ್ಳಾಕ ಅವರಿಲ್ಲ. ಮ್ಯಾಲ ಹಾರ್ಲಿ ಬಿಡು’ ಎಂದು ಚರ್ರನೆ ಹರಿದಳು. ಹಕ್ಕಿ ಈ ಸಲ ಹಕ್ಕಿಯ ಹಾಗೆಯೇ ಬಂತು. ಹಳದಿಯ ಮೂಲೆಗೆ ಹಸಿರು ದಾರವನ್ನೂ ಬಿಟ್ಟಳು. ಗಂಡಭೇರುಂಡ ಇರುವಾಗ ಮೇಲೆ ಕೆಳಗೆ ಯಾರಿಗೂ ತಪ್ಪುವುದಿಲ್ಲ ಎಂದು ನಾನು ಹೇಳಲಿಲ್ಲ.

ರಾಜ್ಯೋತ್ಸವದ ಬೆಳಿಗ್ಗೆ ಅವ್ವ ಕಂಬದ ಹತ್ತಿರ ಹೋಗಲಿಲ್ಲ. ಹೋಗುವುದಿಲ್ಲವೆಂದು ಅವಳಿಗೂ ಊರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಹಣೆಗೆ ವಿಭೂತಿ ಹಚ್ಚುವ ಮನೆತನ ನಮ್ಮದು. ವಿಭೂತಿಗೆ ಗಂಡ ಬದುಕಿರಬೇಕೆಂಬ ಷರತ್ತಿಲ್ಲ. ಆದರೆ ಕುಂಕುಮದ ವಿಷಯಕ್ಕೆ ಬಂದರೆ ನಮ್ಮವರೂ ಎಲ್ಲರ ಹಾಗೆಯೇ. ‘ನೀ ಹೋಗು. ನಮ್ಮ ಮನ್ಯಾರು ಒಬ್ಬರಾರ ಅಲ್ಲಿರ್ಲಿ’ ಎಂದು ನನ್ನನ್ನು ನೂಕಿದಳು. ನನ್ನ ಗಂಡ ಇದೇ ಊರಿನ ಗೊಬ್ಬರದ ಅಂಗಡಿಯಲ್ಲಿ ಗಟ್ಟಿಮುಟ್ಟಾಗಿ ಕೂತಿದ್ದಾನೆ, ಆದ್ದರಿಂದ ನನ್ನ ಕೈ ಶುದ್ಧ. ಐವರಲ್ಲಿ ಒಬ್ಬಳಾಗಿ ನಿಂತೆ.

ಅಧ್ಯಕ್ಷ ಹೂವಿನ ಪಕಳೆ ಹಾಕಿ ಬಾವುಟವನ್ನು ಮಡಚಿಯೇ ತಂದಿದ್ದ. ಕುಂಕುಮ ಹಚ್ಚುವಾಗ ಯಾರಿಗೂ ಒಳಗೇನಿದೆ ಕಾಣಲಿಲ್ಲ. ಹಗ್ಗ ಜಗ್ಗಿದ, ಪಕಳೆ ಉದುರಿದವು, ಬಿಳಿ ಬಿಚ್ಚಿಕೊಂಡಿತು.

‘ಅಯ್ಯ ಶಿವನ’ ಎಂದಳು ದೊಡ್ಡವ್ವ. ‘ಅರಿಶಿಣ ಕುಂಕುಮದ ನಡುವ ಬಿಳೇದು ಯಾಕ ಬಂತು?’

ಹಿಂದಿನಿಂದ ಯಾರೋ ಹೆಂಗಸು, ‘ಗಂಡ ಸತ್ತಾಕಿ ಕೈಲೆ ಹೊಲಿಸಿದ್ರ ಮತ್ತೇನ್ ಬರ್ತೈತಿ’ ಎಂದಳು. ಮೆಲ್ಲಗೆ ಹೇಳಿದರೂ ಎಲ್ಲರಿಗೂ ಕೇಳಿಸಿತು.

ನಾನು ಅಧ್ಯಕ್ಷನ ಮುಖ ನೋಡಿದೆ. ಅವನು ಮನಸ್ಸು ಮಾಡಿದ್ದರೆ ಒಂದು ಮಾತಿನಲ್ಲಿ ಮುಗಿಯುತ್ತಿತ್ತು. ನಾನೇ ಹೊಲಿಸಿದ್ದು, ಸರ್ಕಾರ ತೋರಿಸಿದ್ದೇ ಹೀಗೆ ಎಂದಿದ್ದರೆ ಸಾಕಿತ್ತು. ಅವನು ತಲೆ ಕೆರೆದುಕೊಂಡು, ‘ನಾ ಹೇಳಿದ್ದು ಹಿಂಗಲ್ಲ. ಸಣ್ಣಗ ಒಂದೀಟು ಬಿಳಿ ಬರ್ಲಿ ಅಂದಿದ್ದೆ’ ಎಂದ. ‘ಅಣ್ಣಾ, ಮೊಬೈಲ್ ತೋರಿಸಿದ್ದು ನೀನಲ್ಲೇನು?’ ಎಂದೆ. ಟಿವಿಯಲ್ಲಿ ಬಂದದ್ದು ಇದೇ, ಸಮಿತಿ ಮಾಡಿದ್ದು ಇದೇ, ನೋಡಿರಿ ಎಂದು ನನ್ನ ಮೊಬೈಲು ತೆಗೆದು ಒಬ್ಬೊಬ್ಬರ ಮುಂದೆ ಹಿಡಿದೆ. ಬಿಸಿಲಿಗೆ ಪರದೆ ಕಪ್ಪಾಗಿ ಕಾಣುತ್ತಿತ್ತು. ಕಂಡಿದ್ದರೂ ನೋಡುತ್ತಿರಲಿಲ್ಲ.

‘ಡೆಲ್ಲಿಯವರು ಒಪ್ಯಾರೇನು?’ ದೊಡ್ಡವ್ವ ಕೇಳಿದಳು.

‘ಇನ್ನಾ ಇಲ್ಲ.’

‘ಮತ್ತ?’

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಡೆಲ್ಲಿ ಆಗ ಒಪ್ಪಿರಲಿಲ್ಲ, ಈಗಲೂ ಒಪ್ಪಿಲ್ಲ, ಇಲ್ಲಿನ ಸರ್ಕಾರಗಳು ಬದಲಾಗಿ ಆ ಮಾತೇ ತಣ್ಣಗಾಯಿತು. ಇಡೀ ರಾಜ್ಯ ಮರೆತ ಆ ಬಿಳಿ ಪಟ್ಟಿಯ ಲೆಕ್ಕ ಕೊನೆಗೆ ನಮ್ಮವ್ವನ ತಲೆಗೆ ಬಂತು. ಬಾವುಟ ಇಳಿಯಿತು, ಹಿಂದಿನ ವರ್ಷದ್ದು, ಬಣ್ಣ ಹೋದದ್ದು, ಅವಳೇ ಹೊಲಿದದ್ದು, ಏರಿತು. ಮುತ್ತೈದೆ ಇದ್ದಾಗ ಹೊಲಿದದ್ದಲ್ಲವೇ, ಅದಕ್ಕೆ ದೋಷವಿಲ್ಲ!

ಅಧ್ಯಕ್ಷ ಮೂರು ಬಣ್ಣದ್ದನ್ನು ಸುತ್ತಿ ನನ್ನ ಕೈಗೆ ಕೊಟ್ಟ. ಅವ್ವ ಮಾಳಿಗೆಯ ಮೇಲೆ ನಿಂತು ಎಲ್ಲ ನೋಡಿದ್ದಳು, ನಾನು ಬಾಗಿಲಿಗೆ ಬರುವಷ್ಟರಲ್ಲಿ ಇಳಿದು ರೊಟ್ಟಿ ಬಡಿಯುತ್ತಿದ್ದಳು. ಮಧ್ಯಾಹ್ನ ಬ್ಲೇಡು ಹಿಡಿದು ಕೂತು ಬಿಳಿ ಪಟ್ಟಿಯನ್ನು ಬಿಚ್ಚಿದಳು. ಹಳದಿ ಕೆಂಪನ್ನು ಮತ್ತೆ ಕೂಡಿಸಿ ಟ್ರಂಕಿಗೆ ಹಾಕಿದಳು. ಬಿಳಿಯ ಅಂಚು ಹೊಲಿದು ರೊಟ್ಟಿ ಬುಟ್ಟಿಗೆ ಮುಚ್ಚಿದಳು. ಇವತ್ತಿಗೂ ಅವಳ ಮನೆಯಲ್ಲಿ ರೊಟ್ಟಿ ಬೇಕೆಂದರೆ ಗಂಡಭೇರುಂಡವನ್ನು ಎತ್ತಿ ಪಕ್ಕಕ್ಕಿಡಬೇಕು. ಒಗೆದೂ ಒಗೆದೂ ಒಂದು ತಲೆಯ ಕೊಕ್ಕು ಸವೆದಿದೆ.

ಮುಂದಿನ ವರ್ಷದಿಂದ ಹೊಸಪೇಟೆಯ ರೆಡಿಮೇಡ್ ಬಂತು. ನುಣ್ಣನೆಯ ಬಟ್ಟೆ, ಒಂದೇ ಒಂದು ಹೊಲಿಗೆ. ಕಟ್ಟುವವನು ಈಗ ಅಧ್ಯಕ್ಷನೇ. ಏರಿಸಿದ ಮೊದಲ ವರ್ಷವೇ ಕೆಂಪು ಮೇಲೆ ಹೋಯಿತು. ನಾನು ಕಂಬದ ಹತ್ತಿರ ನಿಂತವಳು ಹೇಳಿದೆ. ‘ಯಾವುದು ಮ್ಯಾಲಿದ್ರೇನಕ್ಕಾ, ಎರಡೂ ನಮ್ಮವ’ ಎಂದು ನಕ್ಕ. ಅವ್ವನ ಮನೆಗೆ ಬಂದರೆ ಅವಳು ಮಾಳಿಗೆಯ ಮೇಲಿದ್ದಳು. ‘ಕೆಂಪು ಮ್ಯಾಲೈತಿ’ ಎಂದಳು. ಸಂಜೆಯೂ ಅದನ್ನೇ ಹೇಳಿದಳು. ಆ ವರ್ಷವೆಲ್ಲ ನಾನು ಕಚೇರಿ ಮುಗಿಸಿ ಬಸ್ಸಿಳಿದು ಅವಳನ್ನು ನೋಡಲು ಹೋದಾಗ ಚಹಾ ಕೊಡುವ ಮೊದಲು ಅವಳು ಕೇಳುತ್ತಿದ್ದದ್ದು ಒಂದೇ: ‘ತಿರುಗಿಸಿದ್ರೇನು?’ ಇಲ್ಲ ಎನ್ನುವುದು ನನಗೂ ಅಭ್ಯಾಸವಾಯಿತು. ಅಪ್ಪ ಇದ್ದಿದ್ದರೆ ಬಸ್ಸು ನಿಲ್ಲಿಸುತ್ತಿದ್ದ. ನಾನು ಬಸ್ಸಿಗೆ ಕಾಯುವವಳು, ನಿಲ್ಲಿಸುವವಳಲ್ಲ.

ಆಮೇಲೆ ಅವ್ವನ ಕಣ್ಣಿಗೆ ಪೊರೆ ಬಂತು. ಸಕ್ಕರೆ ಇಳಿಯದೆ ಆಪರೇಷನ್ ಬೇಡವೆಂದು ಹಗರಿಬೊಮ್ಮನಹಳ್ಳಿಯ ಡಾಕ್ಟರು ಹೇಳಿದ್ದಾರೆ. ಸಕ್ಕರೆ ಇಳಿಯುವುದಿಲ್ಲ, ಅವ್ವ ಬೆಲ್ಲದ ಡಬ್ಬಿ ಬಿಡುವುದಿಲ್ಲ. ಮಾಳಿಗೆಯ ಮೆಟ್ಟಿಲು ಹತ್ತಲಾರಳು, ಹತ್ತಿದರೂ ಸರ್ಕಲ್ಲು ಅವಳಿಗೆ ಬರೀ ಬಿಳಿ ಬೆಳಕು.

ಹೋದ ವರ್ಷ ರಾಜ್ಯೋತ್ಸವದ ಹಿಂದಿನ ದಿನ ನಾನು ಅಲ್ಲಿದ್ದಾಗಲೇ ಅಧ್ಯಕ್ಷ ಅವ್ವನ ಹಿತ್ತಲ ಬಾಗಿಲಿಗೆ ಬಂದ. ಹೊಸಪೇಟೆಯ ಪಾರ್ಸಲ್ಲು ಬಂದಿರಲಿಲ್ಲವಂತೆ. ಹಿಂದಿನ ಬಾವುಟದ ಅಂಚು ಗಾಳಿಗೆ ಚಿಂದಿಯಾಗಿತ್ತು. ಅದನ್ನು ಚೀಲದಲ್ಲಿ ಹಾಕಿಕೊಂಡು ಬಂದಿದ್ದ. ‘ಚಿಗವ್ವಾ, ಒಂದೆರಡು ಹೊಲಿಗಿ ಹಾಕಿ ಕೊಡು. ನಿನ್ನ ಬಿಟ್ರ ಯಾರದಾರ?’ ಎಂದ. ಆಮೇಲೆ ನನ್ನ ಕಡೆ ತಿರುಗಿ ದನಿ ಇಳಿಸಿ, ‘ಇಲ್ಲಿ ಹೊಲಿಸಿದ್ದು ಅಂತ ದೊಡ್ಡವ್ವನ ಕಿವಿಗೆ ಬೀಳೋದು ಬ್ಯಾಡಕ್ಕಾ’ ಎಂದ. ಚೀಲ ಅವನ ಮುಖಕ್ಕೆ ಎಸೆಯಬೇಕೆನಿಸಿತು. ‘ಆಗೋದಿಲ್ಲ ಅನ್ನವ್ವಾ’ ಎಂದೆ. ಟ್ರಂಕಿನಲ್ಲಿ ನಿನ್ನದೇ ಒಂದು ಇದೆಯಲ್ಲ, ಅದನ್ನು ಬೇಕಾದರೆ ಏರಿಸಲಿ ಎಂದೆ. ಅಧ್ಯಕ್ಷ ನೆಲ ನೋಡಿದ. ಅದನ್ನು ಅವನು ಒಯ್ಯಲಾರ, ಊರಿಗೆ ಆ ಬಟ್ಟೆಯ ಗುರುತಿದೆ.

ಅವ್ವ ಆಗಲೇ ಕೈಚಾಚಿ ಚೀಲ ತೆಗೆದುಕೊಂಡಿದ್ದಳು. ‘ಹರಕ ಹಾರಬಾರದು ಬಿಡು. ಸೂಜಿಗೆ ದಾರ ಪೋಣಿಸಿ ಕೊಡು’ ಎಂದಳು.

ಬೆರಳಿನಿಂದ ತಡವಿ ತಡವಿ ಅಂಚು ಹುಡುಕಿದಳು. ಕಣ್ಣಿಗೆ ಕಾಣದಿದ್ದರೂ ಮಡಿಕೆ ನೆಟ್ಟಗೆ ಬಂತು. ಕೊನೆಗೆ ಬಾವುಟವನ್ನು ನನ್ನ ಮುಂದೆ ಹಿಡಿದು, ‘ಹಳದಿ ಯಾವ ಕಡಿ?’ ಎಂದಳು. ನಾನು ಅವಳ ಕೈ ಹಿಡಿದು ಹಳದಿಯ ಮೂಲೆಗೆ ಇಟ್ಟೆ. ‘ಹಸಿರು ದಾರ ತಾ’ ಎಂದಳು. ಗಂಟು ಹಾಕಿ, ಬೆರಳುದ್ದ ಬಿಟ್ಟು, ಹಲ್ಲಿನಿಂದ ಕತ್ತರಿಸಿದಳು. ಅಷ್ಟು ದಿನಗಳ ಮೇಲೆ ಅವಳ ಮುಖದಲ್ಲಿ ಬೆಳಕು ಕಂಡೆ. ‘ಅವಂಗ ಹೇಳು, ದಾರ ಇರೋ ಮೂಲಿ ಮ್ಯಾಲ ಅಂತ. ಈ ಸಲ ತಪ್ಪೋದಿಲ್ಲ.’

ಸಂಜೆ ಹೋಟೆಲಿಗೆ ಹೋಗಿ ಬಾವುಟ ಕೊಟ್ಟು ಹೇಳಿದೆ. ಅವನು ಕಿವಿಗೆ ಮೊಬೈಲು ಒತ್ತಿಕೊಂಡು ಶಾಮಿಯಾನದವನ ಜೊತೆ ಜಗಳವಾಡುತ್ತಿದ್ದ. ‘ಆತಕ್ಕಾ, ಆತು’ ಎಂದ. ಮೂಲೆ ಹಿಡಿದು ತೋರಿಸಿದೆ. ಮತ್ತೆ ‘ಆತು’ ಎಂದ.

ಬೆಳಿಗ್ಗೆ ನಾನು ಕುಂಕುಮದ ತಟ್ಟೆ ಹಿಡಿದು ಐವರಲ್ಲಿ ಒಬ್ಬಳಾಗಿ ನಿಂತೆ. ದೊಡ್ಡವ್ವ ಅವ್ವ ಮಡಚಿದ ಅಂಚಿಗೇ ಅರಿಶಿನ ಹಚ್ಚಿ, ‘ಈ ಸಲ ಚಂದ ಹೊಲಿದಾರ ನೋಡು’ ಎಂದು ಕಣ್ಣಿಗೊತ್ತಿಕೊಂಡಳು. ಹೇಳಿಬಿಡಲೇ ಎನಿಸಿತು. ಹೇಳಿದರೆ ಬಾವುಟ ಇಳಿಯುತ್ತದೆ. ಕುಂಕುಮದ ತಟ್ಟೆಯನ್ನು ಪಕ್ಕದವಳ ಮುಂದೆ ಹಿಡಿದೆ. ಅಧ್ಯಕ್ಷ ಬಾವುಟವನ್ನು ಹಗ್ಗಕ್ಕೆ ಕಟ್ಟಲು ಎತ್ತಿಕೊಂಡವನು ಮೂಲೆಯ ದಾರ ನೋಡಿದ. ‘ರೆಡಿಮೇಡ್ ಮಾಲಿನ ಹಣೇಬರಾನ ಇಷ್ಟು, ದಾರ ಬಿಟ್ಟೈತಿ’ ಎಂದು ದೊಡ್ಡವ್ವನಿಗೆ ಕೇಳುವಂತೆ ಜೋರಾಗಿ ಅಂದು, ಹಲ್ಲಿನಿಂದ ಕಚ್ಚಿ ಉಗುಳಿದ. ಅವನು ಮರೆತು ಹಾಗೆ ಮಾಡಿದನೋ, ಅವ್ವನ ಗುರುತು ಅಳಿಸಲೆಂದು ಮಾಡಿದನೋ, ಇವತ್ತಿಗೂ ನನಗೆ ತಿಳಿಯದು. ‘ಅಣ್ಣಾ, ಆ ದಾರ…’ ಎನ್ನುವಷ್ಟರಲ್ಲಿ ಮೈಕಿನಲ್ಲಿ ನಾಡಗೀತೆ ಶುರುವಾಯಿತು.

ನಾಡಗೀತೆಗೆ ಅಲುಗಾಡದೆ ನಿಲ್ಲಬೇಕು. ಎಲ್ಲರೂ ನಿಂತರು, ನಾನೂ ನಿಂತೆ. ಅವನು ಒಂದು ಕ್ಷಣ ಎರಡೂ ತುದಿ ಹಿಡಿದು ಅದನ್ನು ಇದನ್ನು ನೋಡಿದ. ಹಳದಿ, ಅಣ್ಣಾ, ಹಳದಿ ಎಂದು ನಾನು ಹಲ್ಲು ಕಚ್ಚಿಕೊಂಡು ಮನಸ್ಸಿನಲ್ಲೇ ಕೂಗಿದೆ. ಅವನು ಕೆಂಪನ್ನು ಮೇಲೆ ಕಟ್ಟಿ ಹಗ್ಗ ಜಗ್ಗಿದ. ಹಾಡು ಮುಗಿಯುವವರೆಗೆ ನಾನು ತಟ್ಟೆ ಹಿಡಿದು, ಅದು ಕಂಬದ ತುದಿಗೆ ಹೋಗುವುದನ್ನು ನೋಡುತ್ತ ನಿಂತಿದ್ದೆ.

ಮುಗಿದ ಕೂಡಲೇ ಹೇಳಿದೆ. ಅಧ್ಯಕ್ಷ ಮಾತಾಡುವ ಮೊದಲೇ ದೊಡ್ಡವ್ವ, ‘ಏರಿದ ಬಾವುಟ ಇಳಿಸಬಾರದವ್ವಾ, ಅಪಶಕುನ’ ಎಂದಳು. ಅವ್ವನ ಮೂರು ಬಣ್ಣದ್ದು ಇಳಿಸಿದ ದಿನ ಶಕುನ ಎಲ್ಲಿಗೆ ಹೋಗಿತ್ತು ಎಂದು ಕೇಳಲು ಬಾಯಿ ತೆರೆದೆ. ಗೋರ್ಕಲ್ಲಿನ ಮೇಲೆ ಮಳೆ ಸುರಿದೇನು ಫಲ. ತಟ್ಟೆಯನ್ನು ಯಾರದೋ ಕೈಗಿತ್ತು ಹೊರಟೆ.

ಅವ್ವ ಹೊಸ್ತಿಲ ಮೇಲೆ ಕೂತಿದ್ದಳು, ತಲೆ ಬಾಚಿ, ಒಗೆದ ಸೀರೆ ಉಟ್ಟು. ನನ್ನ ಚಪ್ಪಲಿಯ ಸದ್ದಿಗೆ ಮುಖ ಎತ್ತಿದಳು. ಸರ್ಕಲ್ಲು ಇರುವ ದಿಕ್ಕಿಗೆ ಆ ಕಣ್ಣುಗಳು ತಿರುಗಿದವು.

‘ಹಳದಿ ಮ್ಯಾಲೈತಲ್ಲ?’

‘ಹೂಂ ಅವ್ವಾ’ ಎಂದೆ. ‘ಮ್ಯಾಲೈತಿ.’

‘ನೋಡಿದ್ಯಾ’ ಎಂದು ನಕ್ಕಳು. ‘ಒಂದು ದಾರ ಸಾಕಿತ್ತು.’